ಕಾಕಾ ಕೊಟ್ಟ ಕರಿದ ಎಣ್ಣೆ

ಹಪ್ಪಳ ಕರಿಯುವ ವಾಸನೆ ಬಂದರೆ ಉಳಿದವರಿಗೆ ಹಸಿವಾಗುತ್ತದೆ. ನನಗೆ ಡೀಸೆಲ್ ಎಂಜಿನ್ ನೆನಪಾಗುತ್ತದೆ. ಇದನ್ನು ಮನೆಯಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿ ಗಂಡನಿಂದ ವರ್ಷಗಟ್ಟಲೆ ಗೇಲಿ ಮಾಡಿಸಿಕೊಂಡಿದ್ದೇನೆ. ಕಳೆದ ಭಾನುವಾರ ನಾಸಿಕದ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಬಾಣಲೆ ಇಟ್ಟು ಮೊದಲ ಹಪ್ಪಳವನ್ನು ಎಣ್ಣೆಗೆ ಬಿಟ್ಟೆ. ಅದು ಚುರ್ರೆಂದು ಅರಳಿ ಮೇಲೆದ್ದಿತು, ತೆಗೆದು ತಟ್ಟೆಗಿಟ್ಟೆ. ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಹೋಟೆಲ್ ಕಾಕಾ ನೆನಪಾಗಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಕಾರಣ ಇದೆ, ಆಮೇಲೆ ಹೇಳುತ್ತೇನೆ.

ಈಗ ಸಂಭಾಜಿನಗರ ಎನ್ನುವ ಊರನ್ನು ಆಗಿನ್ನೂ ಔರಂಗಾಬಾದ್ ಎಂದೇ ಕರೆಯುತ್ತಿದ್ದೆವು. ನಾನು ಅಲ್ಲಿ ಎಂ.ಇ. ಓದುತ್ತಿದ್ದೆ. ಅಪ್ಪ ಬಿಜಾಪುರದ ಕಡೆಯವರು, ಬ್ಯಾಂಕಿನ ನೌಕರಿಯಲ್ಲಿ ವರ್ಗವಾಗಿ ನಾಸಿಕಕ್ಕೆ ಬಂದವರು. ನಾನು ಬೆಳೆದದ್ದೆಲ್ಲ ನಾಸಿಕದಲ್ಲೇ ಆದ್ದರಿಂದ ನನ್ನ ಕನ್ನಡ ಒಂದು ಕಾಲನ್ನು ಬಿಜಾಪುರದಲ್ಲೂ ಇನ್ನೊಂದನ್ನು ಮರಾಠಿಯಲ್ಲೂ ಇಟ್ಟು ಕುಂಟುತ್ತಿತ್ತು. ನನ್ನ ಪ್ರಬಂಧದ ವಿಷಯ ಮಾತ್ರ ಗಟ್ಟಿಯಾದದ್ದು. ಹೋಟೆಲುಗಳಲ್ಲಿ ಕರಿದು ಉಳಿದ ಎಣ್ಣೆಯಿಂದ ಬಯೋಡೀಸೆಲ್ ಮಾಡಬೇಕು. ಅದರ ಇಪ್ಪತ್ತು ಪಾಲಿಗೆ ಎಂಬತ್ತು ಪಾಲು ಡೀಸೆಲ್ ಬೆರೆಸಿದರೆ ಎಂಜಿನ್ನಿನ ಒಳಗೆ ಅದು ಹೇಗೆ ಉರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕಿ ಹೇಳಬೇಕು. ಆಮೇಲೆ ಕಾಲೇಜಿನ ನಿಜವಾದ ಎಂಜಿನ್ ಓಡಿಸಿ, ಕಂಪ್ಯೂಟರ್ ಹೇಳಿದ್ದೂ ಎಂಜಿನ್ ಮಾಡಿದ್ದೂ ಒಂದೇ ಎಂದು ತೋರಿಸಬೇಕು. ಗ್ರಾಫಿನಲ್ಲಿ ಈ ಎರಡರ ಗೆರೆ ಒಂದರ ಮೇಲೊಂದು ಕೂತರೆ ಪದವಿ, ಕೂರದಿದ್ದರೆ...

ಕೂರದಿದ್ದರೆ ಏನು ಎಂಬುದನ್ನು ಅಪ್ಪ ಫೋನಿನಲ್ಲಿ ಹೇಳಿದ್ದರು. ಅವರಿಗೆ ಊರ ಕಡೆ ವಾಪಸು ವರ್ಗವಾಗಿತ್ತು. ನನಗೆ ಔರಂಗಾಬಾದಿನ ಪಕ್ಕದ ವಾಳೂಜಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಆದರೆ ಜೂನ್ ಒಳಗೆ ಪ್ರಬಂಧ ಒಪ್ಪಿಸಿದ ಕಾಗದ ತೋರಿಸಬೇಕಿತ್ತು.

"ಜೂನದಾಗ ಮುಗೀತಂದ್ರ ನೌಕರಿಗೆ ಹೋಗು, ನಾ ಬ್ಯಾಡ ಅನ್ನೂದಿಲ್ಲ. ಮುಗೀಲಿಲ್ಲಂದ್ರ ಗಂಟು ಮೂಟಿ ಕಟಗೊಂಡು ನಮ್ಮ ಜೋಡಿ ಬಾ," ಎಂದರು ಅಪ್ಪ. ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ಜಗಳವಾದರೂ ಆಡಬಹುದಿತ್ತು.

ಕಾಲೇಜಿನಿಂದ ಹತ್ತು ನಿಮಿಷ ನಡೆದರೆ ಕುಂದಾಪುರದ ಕಡೆಯವರೊಬ್ಬರ ಶಾಕಾಹಾರಿ ಹೋಟೆಲು. ಯಜಮಾನರು ದುಡ್ಡಿನ ಗಲ್ಲೆಯ ಹಿಂದೆ ಬಿಳಿ ಅರ್ಧ ತೋಳಿನ ಅಂಗಿ, ಹಣೆಗೆ ಗಂಧ ಹಚ್ಚಿಕೊಂಡು ಕೂತಿರುತ್ತಿದ್ದರು. ಮೂವತ್ತು ವರ್ಷ ಅಲ್ಲಿದ್ದವರು. ಹಿಂದಿ, ಮರಾಠಿ, ಕನ್ನಡ ಮೂರನ್ನೂ ಒಂದೇ ಕುಂದಾಪುರದ ರಾಗದಲ್ಲಿ ಆಡುತ್ತಿದ್ದರು. ಊರಿನವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದುದರಿಂದ ನನಗೂ ಕಾಕಾ. ಮೊದಲ ದಿನ ನಾನು ಗಲ್ಲೆಯ ಮುಂದೆ ಖಾಲಿ ಕ್ಯಾನ್ ಹಿಡಿದು ನಿಂತು, ಹೋಟೆಲ್ ತುಂಬ ಜನ ಕೂತಿದ್ದಾಗ ಕೇಳಿದೆ. "ಕಾಕಾ, ನಿಮ್ಮ ಕಡೆ ಕರದು ಕರದು ಕೆಟ್ಟ ಎಣ್ಣಿ ಅದ ಏನ್ರಿ?"

ನನ್ನ ಬುದ್ಧಿಗಿಷ್ಟು! ಹತ್ತಿರದ ಟೇಬಲ್ಲಿನವರಲ್ಲಿ ಒಬ್ಬರು ಕನ್ನಡದವರೇ ಇದ್ದರು. ಅವರ ಕೈಯಲ್ಲಿದ್ದ ವಡೆ ಬಾಯಿಯ ಹತ್ತಿರ ನಿಂತಿತು.

"ಕೆಟ್ಟ ಎಣ್ಣೆಯಾ? ನಮ್ಮಲ್ಲಿ ಎಲ್ಲಿಂದ ಬರ್ಬೇಕು ಮಾರಾಯ್ತಿ? ನಮ್ಮಲ್ಲಿ ದಿನಾ ಹೊಸ ಎಣ್ಣೆ," ಎಂದು ಕಾಕಾ ಆ ಟೇಬಲ್ಲಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ಆಮೇಲೆ ಚಿಲ್ಲರೆ ಕೊಡುವವರ ಹಾಗೆ ಮುಂದಕ್ಕೆ ಬಾಗಿ, "ಹಿಂದಿನ ಬಾಗಿಲಿಗೆ ಬಾ," ಎಂದರು.

ಅವರು ಸುಳ್ಳು ಹೇಳಿರಲಿಲ್ಲ. ದಿನಾ ಸಂಜೆ ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಹಿತ್ತಿಲಿನ ಒಂದು ಡ್ರಮ್ಮಿಗೆ ಸುರಿದು, ಬೆಳಿಗ್ಗೆ ಹೊಸ ಡಬ್ಬ ಒಡೆಯುತ್ತಿದ್ದರು. ಡ್ರಮ್ಮು ತುಂಬಿದಾಗ ಸಾಬೂನು ಮಾಡುವವನೊಬ್ಬ ಬಂದು ಒಯ್ಯುತ್ತಿದ್ದ. ಆ ಬಿಸಿಲಿನಲ್ಲಿ ತಿಂಗಳುಗಟ್ಟಲೆ ಕೂತ ಎಣ್ಣೆ ಕಾಫಿ ಬಣ್ಣಕ್ಕೆ ಬಂದು ಬೆಲ್ಲದ ಪಾಕದಷ್ಟು ಮಂದವಾಗಿತ್ತು. ಕಾಕಾ ಅದನ್ನು ನನ್ನ ಕ್ಯಾನಿಗೆ ಹೊಯ್ಯುವಾಗ ಮುಖ ಆಚೆ ತಿರುಗಿಸಿಕೊಂಡರು. ನಾಚಿಕೆಯಿಂದ ಎಂದು ಆಗ ನನಗೆ ತಿಳಿಯಲಿಲ್ಲ, ವಾಸನೆಗೆ ಎಂದುಕೊಂಡೆ.

ಬಯೋಡೀಸೆಲ್ ಮಾಡುವುದು ಪುಸ್ತಕದಲ್ಲಿ ಸುಲಭ. ಎಣ್ಣೆ ಬಿಸಿ ಮಾಡಿ, ಕಾಸ್ಟಿಕ್ ಸೋಡಾ ಕರಗಿಸಿದ ಮೆಥನಾಲ್ ಹಾಕಿ ಕಲಕಿ ಬಿಟ್ಟರೆ ಗ್ಲಿಸರಿನ್ ತಳಕ್ಕೆ ಇಳಿದು ಮೇಲೆ ತಿಳಿಯಾದ ಇಂಧನ ನಿಲ್ಲುತ್ತದೆ. ಎಣ್ಣೆ ತೀರಾ ಹಳಸಿದ್ದರೆ ಅದು ನಿಲ್ಲುವುದಿಲ್ಲ, ಸಾಬೂನಾಗುತ್ತದೆ. ನನ್ನದು ಸಾಬೂನಾಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ, ಇಡೀ ಕ್ಯಾನ್ ಎಣ್ಣೆಯಿಂದ ಒಂದು ಬಕೆಟ್ ಹಳದಿ ಲೋಳೆ ಬಂತು. ಅದನ್ನು ಸೋಸಿ, ತೊಳೆದು, ಹೇಗೋ ಎರಡು ಬಾಟಲಿ ಇಂಧನ ಉಳಿಸಿಕೊಂಡೆ. ಆ ಎರಡು ಬಾಟಲಿಯನ್ನು ವಾಳೂಜಿನ ಪರೀಕ್ಷಾಲಯವೊಂದಕ್ಕೆ ಕಳಿಸಿದೆ. ಎಷ್ಟು ಮಂದ, ಎಷ್ಟು ಭಾರ, ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬ ಅಂಕಿಗಳು ಬಂದವು. ಅವನ್ನೇ ಕಂಪ್ಯೂಟರಿಗೆ ತುಂಬಿದೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ನಾನು ಮರೆತು ಕೆಟ್ಟೆ.

ಎಂಜಿನ್ ಓಡಿಸಲು ಮತ್ತೆ ಎಣ್ಣೆ ಬೇಕಿತ್ತು. ಕಾಕಾರ ಹತ್ತಿರ ಹೋಗಿ, "ಅದು ಸಾಬೂನ ಆತ್ರಿ ಕಾಕಾ," ಎಂದೆ.

"ಸಾಬೂನಿನವ ಕಂಪ್ಯೂಟರ್ ಇಲ್ಲದೇ ಅದನ್ನೇ ಮಾಡ್ತಾನಲ್ಲ ಮಾರಾಯ್ತಿ," ಎಂದು ನಕ್ಕರು. ನಗು ಬೇಗ ಹೋಯಿತು. "ನಾ ಕೊಟ್ಟ ಎಣ್ಣೆಯಿಂದ ಹಾಳಾಯ್ತಾ?"

"ಹೂಂನ್ರಿ. ಇನ್ನೊಂದ ಕ್ಯಾನ್ ಬೇಕ್ರಿ."

"ನಾಳೆ ಬಾ. ನಾನೇ ತುಂಬಿಸಿ ಇಟ್ಟಿರ್ತೇನೆ," ಎಂದರು ಕಾಕಾ.

ಎರಡನೇ ಕ್ಯಾನಿನ ಎಣ್ಣೆ ಚಿನ್ನದ ಬಣ್ಣಕ್ಕಿತ್ತು. ಅದರ ಮೇಲೆ ಕಾಕಾ ಕಾಗದದ ಚೀಟಿಯೊಂದನ್ನು ಅಂಟಿಸಿ, ದುಂಡಗೆ 'ಕರಿದದ್ದು' ಎಂದು ಬರೆದಿದ್ದರು. ಮೊದಲ ಪ್ರಯತ್ನಕ್ಕೇ ಜೇನುತುಪ್ಪದಂಥ ಬಯೋಡೀಸೆಲ್ ಬಂತು. ನನ್ನ ಕೈ ಪಳಗಿತು ಎಂದು ನಾನು ಮೆರೆದೆ. ಪರೀಕ್ಷಾಲಯಕ್ಕೆ ಮತ್ತೆ ಕಳಿಸುವ ಯೋಚನೆಯನ್ನೂ ಮಾಡಲಿಲ್ಲ. ಅದೇ ಹೋಟೆಲು, ಅದೇ ಬಾಣಲೆ, ಮತ್ತೇನು ಪರೀಕ್ಷೆ?

ಎಂಜಿನ್ ಓಡಿಸುವ ದಿನ ಕಾಕಾ ತಾವಾಗಿಯೇ ಬಂದರು. ಕೈಯಲ್ಲಿ ತೆಂಗಿನಕಾಯಿ, ಕುಂಕುಮ, ಎರಡು ಊದುಬತ್ತಿ. ಮೆಥನಾಲ್ ಇದ್ದ ಕೋಣೆಯಲ್ಲಿ ಊದುಬತ್ತಿ ಹಚ್ಚಬಾರದೆಂದು ಅವರನ್ನು ಒಪ್ಪಿಸುವಷ್ಟರಲ್ಲಿ ಸಾಕಾಯಿತು. ಕುಂಕುಮವನ್ನು ಮಾತ್ರ ಎಂಜಿನ್ನಿನ ಹಣೆ ಎಲ್ಲಿದೆ ಎಂದು ಹುಡುಕಿ ಹಚ್ಚಿದರು. ಎಂಜಿನ್ ಶುರುವಾಗಿ ಹೊಗೆ ಕೊಳವೆಯಿಂದ ವಾಸನೆ ಹೊರಟಿತು. ಡೀಸೆಲ್ ವಾಸನೆಯ ನಡುವೆ ಬಾಣಲೆಯ ವಾಸನೆ, ಯಾರೋ ಪಕ್ಕದಲ್ಲೇ ಹಪ್ಪಳ ಕರಿಯುತ್ತಿದ್ದ ಹಾಗೆ. ಆವತ್ತಿನಿಂದ ನನ್ನ ಎಂಜಿನ್ ಓಡಿದಾಗಲೆಲ್ಲ ಆ ಕಟ್ಟಡದ ಅರ್ಧ ಜನ ಹೊತ್ತಿಗೆ ಮುಂಚೆಯೇ ಊಟಕ್ಕೆ ಏಳುತ್ತಿದ್ದರು.

ಕಾಕಾ ಕಂಪ್ಯೂಟರಿನ ಮುಂದೆ ನಿಂತು ಕೇಳಿದರು. "ಎಂಜಿನ್ ಇಲ್ಲೇ ಉಂಟು. ಓಡಿಸಿದ್ರೆ ಗೊತ್ತಾಗ್ತದೆ. ಮತ್ತೆ ಇದು ಎಂತಕ್ಕೆ?"

ಇಡೀ ಎಂ.ಇ.ಯಲ್ಲಿ ನನಗೆ ಯಾರೂ ಕೇಳದ ಪ್ರಶ್ನೆ ಅದು. ಎಂಜಿನ್ನಿನ ಒಳಗೆ ಇಣುಕಲು ಆಗುವುದಿಲ್ಲ, ಅದಕ್ಕೆ ಲೆಕ್ಕ ಎಂದೆ. ಇಂಧನದ ಹನಿ ಒಳಗೆ ಬಿದ್ದ ಕೂಡಲೇ ಉರಿಯುವುದಿಲ್ಲ, ಸ್ವಲ್ಪ ತಡೆದು ಹೊತ್ತಿಕೊಳ್ಳುತ್ತದೆ, ಆ ತಡವನ್ನು ಕಂಡುಹಿಡಿಯುವುದೇ ನನ್ನ ಕೆಲಸ ಎಂದೆ. ಹನಿ ದಪ್ಪವಾದಷ್ಟೂ ತಡ ಹೆಚ್ಚು.

"ಹಿಟ್ಟಿನ ಹನಿ ಬಿಟ್ಟ ಹಾಗೆ," ಎಂದರು ಕಾಕಾ. "ಎಣ್ಣೆ ಕಾಯ್ತಾ ಇಲ್ವಾ ನೋಡ್ಲಿಕ್ಕೆ ಒಂದು ಹನಿ ಹಿಟ್ಟು ಬಿಡ್ತೇವೆ. ಅದು ತಳಕ್ಕೆ ಹೋಗಿ ಮೇಲೆ ಬರ್ಲಿಕ್ಕೆ ಎಷ್ಟು ಹೊತ್ತು ಅಂತ ನೋಡೂದು. ಅಷ್ಟೇ ಅಲ್ವಾ?"

ಅಷ್ಟೇ. ನಾನು ನಲವತ್ತು ಪುಟದಲ್ಲಿ ಹೇಳಿದ್ದೂ ಅಷ್ಟೇ.

ತೊಂದರೆ ಶುರುವಾದದ್ದು ಆಮೇಲೆ. ಎರಡು ಗೆರೆ ಒಂದರ ಮೇಲೊಂದು ಕೂರಲಿಲ್ಲ. ಕಂಪ್ಯೂಟರಿನ ಪ್ರಕಾರ ಇಂಧನ ಮಂದವಾದದ್ದು, ಹನಿ ದಪ್ಪ, ತಡವಾಗಿ ಹೊತ್ತಿಕೊಳ್ಳಬೇಕು. ಎಂಜಿನ್ನಿನಲ್ಲಿ ಅದು ಬೇಗನೇ ಹೊತ್ತಿಕೊಂಡು ಕೂತಿರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮೊದಲು ಎಂಜಿನ್ನನ್ನು ಬೈದೆ, ಆಮೇಲೆ ಒತ್ತಡ ಅಳೆಯುವ ಸೆನ್ಸರನ್ನು, ಆಮೇಲೆ ಕಂಪ್ಯೂಟರನ್ನು. ಸಮೀಕರಣದೊಳಗಿನ ಒಂದೊಂದೇ ಸಂಖ್ಯೆಯನ್ನು ಅಲ್ಲಿಷ್ಟು ಇಲ್ಲಿಷ್ಟು ತಿರುಚಿ ಗೆರೆಯನ್ನು ಎಳೆದು ತರಲು ನೋಡಿದೆ. ಒಂದು ಕಡೆ ಕೂತರೆ ಇನ್ನೊಂದು ಕಡೆ ಏಳುತ್ತಿತ್ತು. ನನಗೆ ಮಾರ್ಗದರ್ಶಕರಾಗಿದ್ದ ಸರ್ ಅದನ್ನು ನೋಡಿ, "ಉಪ್ಪು ಹುಳಿ ಹೊಂದಿಸಲು ಇದೇನು ಆಮಟಿ ಸಾರೇ?" ಎಂದು ಮರಾಠಿಯಲ್ಲಿ ಕೇಳಿದರು. ಜನವರಿ ಹೋಯಿತು, ಫೆಬ್ರವರಿ ಹೋಯಿತು, ಏಪ್ರಿಲ್ ಬಂತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಕೆಲಸ. ನಾಸಿಕದಲ್ಲಿ ಅಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ಕಟ್ಟಲು ಶುರುಮಾಡಿದ್ದಳು.

ಇಷ್ಟು ದಿನವೂ ಕಾಕಾ ಕ್ಯಾನ್ ತಪ್ಪದೆ ತುಂಬಿಸಿ ಇಡುತ್ತಿದ್ದರು. ನಾನು ಮುಖ ಬಾಡಿಸಿಕೊಂಡು ಹೋದರೆ, "ಎಣ್ಣೆ ಸರಿ ಉಂಟಲ್ಲ?" ಎಂದು ಕೇಳುತ್ತಿದ್ದರು. "ಎಣ್ಣಿ ಛಲೋ ಅದರಿ, ನನ್ನ ತಲೀನ ಸರಿ ಇಲ್ಲ," ಎಂದರೆ ಅವರಿಗೆ ಏನೋ ಸಮಾಧಾನ.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಹೇಳದೆ ಹೋದೆ. ಊಟದ ಗದ್ದಲ ಮುಗಿದಿತ್ತು. ಹಿಂದಿನ ಬಾಗಿಲಿನಿಂದ ಒಳಗೆ ಹೋದರೆ ಕಾಕಾ ಒಬ್ಬರೇ ಒಲೆಯ ಮುಂದೆ ನಿಂತಿದ್ದರು. ಪಕ್ಕದಲ್ಲಿ ಆಗಷ್ಟೇ ಒಡೆದ ಎಣ್ಣೆಯ ಡಬ್ಬ. ತೊಳೆದು ಒರೆಸಿದ ಬಾಣಲೆ. ಡಬ್ಬದ ಎಣ್ಣೆಯನ್ನು ಪೂರ್ತಿ ಅದಕ್ಕೆ ಸುರಿದರು, ಕಾಯಿಸಿದರು. ಒಂದು ಹಪ್ಪಳ ಬಿಟ್ಟರು. ಒಂದೇ ಒಂದು. ಅದು ಅರಳಿದ ಕೂಡಲೇ ತೆಗೆದು ತಟ್ಟೆಯಲ್ಲಿಟ್ಟು, ಒಲೆ ಆರಿಸಿ, ಕೈ ಮುಗಿದು ನಿಂತರು. ಅವರ ಪಕ್ಕದಲ್ಲಿ ನನ್ನ ಕ್ಯಾನ್ ಇತ್ತು. ಅದರ ಮೇಲೆ 'ಕರಿದದ್ದು' ಎಂಬ ಚೀಟಿ ಆಗಲೇ ಅಂಟಿತ್ತು.

ನಾನು ಬಾಗಿಲ ಹತ್ತಿರದಿಂದಲೇ ಅಂದೆ. "ಕಾಕಾ, ಇದು ಹೊಸಾ ಎಣ್ಣಿ."

ಕಾಕಾ ಬೆಚ್ಚಿ ತಿರುಗಿದರು. "ಹೊಸತು ಹೇಗಾಗ್ತದೆ? ಹಪ್ಪಳ ಕರಿದೆ, ಕಂಡಿಯಲ್ಲ."

"ಒಂದ ಹಪ್ಪಳಾ?"

"ಒಂದಾದ್ರೂ ಕರಿದದ್ದೇ. ನಾನು ಸುಳ್ಳು ಬರೀಲಿಲ್ಲ." ಆಮೇಲೆ ದನಿ ಇಳಿಯಿತು. "ಮೊದ್ಲಿನ ಎಣ್ಣೆ ಸಾಬೂನಾಯ್ತು ಅಂದಿಯಲ್ಲ. ಎರಡು ದಿನ ನನಗೆ ಊಟ ಸೇರ್ಲಿಲ್ಲ. ಓದುವ ಹೆಣ್ಣು ಬಾಗಿಲಿಗೆ ಬಂದು ಕೇಳಿದ್ರೆ, ಡ್ರಮ್ಮಿನ ಹೊಲಸು ಕೊಟ್ಟು ಕಳಿಸಿದೆನಲ್ಲ ಅಂತ. ವಿದ್ಯೆಗೆ ಅಂತ ಕೊಡೂದು ಹಾಳಾದ್ದು ಕೊಡ್ಬಾರ್ದು."

ಆಗ ನಾನು ಮಾಡಿದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅತ್ತುಬಿಟ್ಟೆ. ಅಳುತ್ತಲೇ ಬೈದೆ. ಅವರ ಒಳ್ಳೆಯತನದಿಂದ ನನ್ನ ನಾಲ್ಕು ತಿಂಗಳು ಮಣ್ಣುಪಾಲಾಯಿತು, ನೌಕರಿ ಹೋಯಿತು, ನನಗೆ ಬೇಕಿದ್ದದ್ದೇ ಆ ಹೊಲಸು ಎಂದೆ. ಕನ್ನಡ ಸಾಲದೆ ಮರಾಠಿಯಲ್ಲೂ ಬೈದೆ. ಕಾಕಾ ತಟ್ಟೆಯಲ್ಲಿದ್ದ ಆ ಹಪ್ಪಳವನ್ನು ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ ಅದನ್ನು ನನ್ನ ಮುಂದೆ ತಳ್ಳಿದರು. ಸಿಟ್ಟಿನಲ್ಲೇ ತಿಂದೆ.

"ಈಗ ಕೆಟ್ಟ ಎಣ್ಣೆ ಬೇಕು, ಅಲ್ವಾ?" ಎಂದರು. "ಮೂವತ್ತು ವರ್ಷದಲ್ಲಿ ಎಣ್ಣೆ ಕೆಡಿಸಿ ಕೊಡಿ ಅಂತ ಕೇಳಿದವಳು ನೀನೊಬ್ಬಳೇ. ಆಯ್ತು, ಕೆಡಿಸ್ತೇನೆ."

ಸರ್‌ಗೆ ವಿಷಯ ಹೇಳಿದರೆ ಅವರು ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟು ನಕ್ಕರು. "ಮಾಡೆಲ್ ಬರೋಬರ್ ಆಹೇ," ಎಂದರು. ಲೆಕ್ಕ ಮೊದಲಿನಿಂದಲೂ ಸರಿಯಾಗೇ ಇತ್ತು. ನಾನು ಕಂಪ್ಯೂಟರಿಗೆ ಡ್ರಮ್ಮಿನ ಎಣ್ಣೆಯ ಅಂಕಿ ಕೊಟ್ಟು, ಎಂಜಿನ್ನಿಗೆ ಹೊಸ ಎಣ್ಣೆ ಕುಡಿಸುತ್ತಿದ್ದೆ. ಕಂಪ್ಯೂಟರ್ ನಾಲ್ಕು ತಿಂಗಳಿಂದ ಕಾಕಾರ ಕಳ್ಳತನವನ್ನು ಕೂಗಿ ಹೇಳುತ್ತಿದ್ದರೆ, ನಾನು ಅದರ ಬಾಯಿಗೆ ಬಟ್ಟೆ ತುರುಕುತ್ತಿದ್ದೆ. ಹೊಸ ಎಣ್ಣೆಯ ಫಲಿತಾಂಶ ಬಿಸಾಡಬೇಡ, ಅದು ಮೊದಲ ಮೆಟ್ಟಿಲಾಗಲಿ ಎಂದರು ಸರ್. ಡ್ರಮ್ಮಿನದು ಬೇಡ, ಅದರಲ್ಲಿ ಯಾವ ದಿನದ್ದು ಎಷ್ಟಿದೆಯೋ ಗೊತ್ತಿಲ್ಲ. ಒಂದು ದಿನ ಕರಿದದ್ದು, ಒಂದು ವಾರ ಕರಿದದ್ದು ಬೇರೆ ಬೇರೆ ತಾ ಎಂದರು.

ಕಾಕಾ ಇದಕ್ಕೆಂದೇ ಒಂದು ಬಾಣಲೆ ತೆಗೆದಿಟ್ಟರು. ಅದರ ಹಿಡಿಯ ಹತ್ತಿರ ಬಿಳಿ ಬಣ್ಣದಲ್ಲಿ 'ಕಾಲೇಜ್' ಎಂದು ಬರೆದರು. ಅದರಲ್ಲಿ ಕರಿದದ್ದನ್ನು ಗಿರಾಕಿಗೆ ಕೊಡುವಂತಿಲ್ಲ ಎಂದು ಅಡುಗೆಮನೆಗೆಲ್ಲ ಆಜ್ಞೆಯಾಯಿತು. ಮೊದಲ ದಿನದ ವಡೆಗಳನ್ನು ನಾನು, ಸರ್, ಲ್ಯಾಬಿನವರು ತಿಂದು ಮುಗಿಸಿದೆವು. ಎರಡನೇ ದಿನದ್ದನ್ನು ಕಾಕಾ ತಾವೇ ತಿಂದು, "ಎದೆ ಉರೀತದೆ, ಎಣ್ಣೆ ಕೆಡ್ಲಿಕ್ಕೆ ಶುರುವಾಯ್ತು," ಎಂದು ಖುಷಿಯಿಂದ ಫೋನ್ ಮಾಡಿದರು. ಮೂರನೇ ದಿನದಿಂದ ಬಟಾಟೆ ಸಿಪ್ಪೆ ಕರಿದರು. ಎಣ್ಣೆ ಕಪ್ಪಾಗುತ್ತ ಬಂದ ಹಾಗೆ ಕಾಕಾರ ಮುಖವೂ ಕಪ್ಪಾಗುತ್ತಿತ್ತು. ಏಳನೇ ದಿನ ಕ್ಯಾನ್ ಕೊಡುವಾಗ, "ಇದು ನನ್ನ ಕೈಯಿಂದ ಆದದ್ದು ಅಂತ ಯಾರಿಗೂ ಹೇಳ್ಬೇಡ," ಎಂದರು.

ಕಂಪ್ಯೂಟರಿನಲ್ಲಿ ಹೊಸ ಎಣ್ಣೆಯದು, ಒಂದು ದಿನದ್ದು, ಒಂದು ವಾರದ್ದು, ಈ ಮೂರು ಇಂಧನಗಳಿಗೆ ನಾನು ಹಪ್ಪಳ, ವಡೆ, ಸಿಪ್ಪೆ ಎಂದು ಹೆಸರಿಟ್ಟೆ. ಈ ಸಲ ಮೂರನ್ನೂ ಪರೀಕ್ಷಾಲಯಕ್ಕೆ ಕಳಿಸಿ ಅಂಕಿ ತರಿಸಿದೆ. ಯಾವ ಸಂಖ್ಯೆಯನ್ನೂ ತಿರುಚಲಿಲ್ಲ. ಮೊದಲು ಹಪ್ಪಳದ ಗೆರೆ ಕೂತಿತು, ಆಮೇಲೆ ವಡೆಯದು, ಕೊನೆಗೆ ಸಿಪ್ಪೆಯದು. ನಾನು ಲ್ಯಾಬಿನಿಂದ ಹೋಟೆಲಿನ ತನಕ ಓಡಿದೆ. ಗಲ್ಲೆಯ ಮುಂದೆ ಗಿರಾಕಿಗಳಿದ್ದುದರಿಂದ ಏನೂ ಹೇಳದೆ ಎರಡು ಬೆರಳು ಒಂದರ ಮೇಲೊಂದು ಇಟ್ಟು ತೋರಿಸಿದೆ. ಕಾಕಾ ಎದ್ದು ನಿಂತು, ಆವತ್ತು ಅಲ್ಲಿದ್ದವರಿಗೆಲ್ಲ ಶಿರಾ ಕೊಡಿಸಿದರು. ಯಾಕೆಂದು ಯಾರಿಗೂ ಹೇಳಲಿಲ್ಲ.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಇಂಧನ ಹೊತ್ತಿಕೊಳ್ಳುವ ಮುಂಚಿನ ಆ ತಡ ಎಂದರೇನು, ಸರಳವಾಗಿ ಹೇಳಿ ಎಂದರು. ಹಿಟ್ಟಿನ ಹನಿಯ ಕಥೆ ಹೇಳಿದೆ. ಅವರು ಪೆನ್ನು ಮುಚ್ಚಿಟ್ಟು, ಇಲ್ಲಿ ವಡೆ ಎಲ್ಲಿ ಚೆನ್ನಾಗಿರುತ್ತದೆ ಎಂದು ಕೇಳಿದರು. ಅಲ್ಲಿಗೆ ನನ್ನ ಪರೀಕ್ಷೆ ಮುಗಿಯಿತು. ಜೂನ್ ಎರಡನೇ ವಾರ ವಾಳೂಜಿನಲ್ಲಿ ಕೆಲಸಕ್ಕೆ ಸೇರಿದೆ.

ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಎಲ್ಲರಿಗಿಂತ ಮೊದಲು ಕಾಕಾರ ಹೆಸರು, ಹೋಟೆಲಿನ ಹೆಸರು ಬರೆದು ತೋರಿಸಲು ಒಯ್ದಿದ್ದೆ. ಅವರು ಓದಿ, ಗಲ್ಲೆಯಿಂದ ಪೆನ್ನು ತೆಗೆದು ಎರಡನ್ನೂ ಹೊಡೆದುಹಾಕಿದರು.

"ಕರಿದ ಎಣ್ಣೆ ಪುಸ್ತಕದಲ್ಲಿ ನನ್ನ ಹೆಸರಾ? ಗಿರಾಕಿ ಎಂತ ತಿಳೀತಾನೆ? ಎಲ್ಲಿಯೂ ಬರೀಬೇಡ. ಮಾತು ಕೊಡು."

ಕೊಟ್ಟೆ. ಅದಕ್ಕೇ ಪ್ರಬಂಧದಲ್ಲಿ 'ಸ್ಥಳೀಯ ಹೋಟೆಲು' ಎಂದಷ್ಟೇ ಇದೆ. ಇಲ್ಲೂ ಅಷ್ಟೇ.

ಆಮೇಲೆ ಮದುವೆಯಾಯಿತು, ಕೆಲಸ ಬದಲಾಗಿ ಮತ್ತೆ ನಾಸಿಕಕ್ಕೆ ಬಂದೆ. ಮೊದಮೊದಲು ದೀಪಾವಳಿಗೆ ಕಾಕಾ ಫೋನ್ ಮಾಡುತ್ತಿದ್ದರು. "ಸಾಬೂನು ಮಾಡ್ತಿಲ್ಲ ಅಲ್ವಾ?" ಎಂದು ಕೇಳಿ, "ಒಮ್ಮೆ ಬಾ," ಎನ್ನುತ್ತಿದ್ದರು. ಬರ್ತೀನ್ರಿ ಎನ್ನುತ್ತಿದ್ದೆ. ನಾಸಿಕದಿಂದ ಅಲ್ಲಿಗೆ ಎಷ್ಟು ದೂರ, ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ತಲುಪಬಹುದು... ಹೋಗಲಿಲ್ಲ. ಫೋನು ಬರುವುದು ನಿಂತಾಗ, ಯಾಕೆ ನಿಂತಿತು ಎಂದು ವಿಚಾರಿಸಲೂ ಇಲ್ಲ.

ಹೋದ ವರ್ಷ ಆ ಊರಿನ ಹತ್ತಿರದ ಶೇಂದ್ರಾದಲ್ಲಿ ಕೆಲಸವಿದ್ದುದರಿಂದ ಹೋಗಿದ್ದೆ. ಸಂಜೆ ಹೋಟೆಲಿಗೆ ಹೋದರೆ ಗಲ್ಲೆಯಲ್ಲಿ ಬೇರೆಯವರು. ಹೋಟೆಲನ್ನು ಕೊಂಡವರಂತೆ. ಕಾಕಾ ತೀರಿಕೊಂಡು ಎರಡು ವರ್ಷವಾಗಿದೆ ಎಂದರು. ನಾನು ಅಡುಗೆಮನೆ ನೋಡಬಹುದೇ ಎಂದು ಕೇಳಿದೆ, ಯಾಕೆಂದು ಅವರು ಕೇಳಲಿಲ್ಲ. ಒಲೆ ಬದಲಾಗಿತ್ತು. ಮೂಲೆಯ ಮೊಳೆಯಲ್ಲಿ ಒಂದು ಬಾಣಲೆ ತೂಗುತ್ತಿತ್ತು. ಹಿಡಿಯ ಹತ್ತಿರ ಬಿಳಿ ಬಣ್ಣ ಅರ್ಧ ಉದುರಿ 'ಕಾಲೇ' ಉಳಿದಿತ್ತು.

ಹಳೆಯ ಅಡುಗೆಯವರು ಒಬ್ಬರು ಇನ್ನೂ ಅಲ್ಲೇ ಇದ್ದರು. ನನ್ನ ಗುರುತು ಅವರಿಗೆ ಸಿಗಲಿಲ್ಲ. ನಾನು ಬಾಣಲೆ ನೋಡುತ್ತಿದ್ದುದನ್ನು ಕಂಡು, "ಅದು ಗಿರಾಕಿಗಲ್ಲ ತಾಯಿ," ಎಂದರು ಮರಾಠಿಯಲ್ಲಿ. "ಹಳೇ ಯಜಮಾನರು ಮುಟ್ಟಬಾರದು ಅಂದಿದ್ದರು. ಯಾಕೋ ನಮಗೆ ಗೊತ್ತಿಲ್ಲ."

ನನಗೆ ಗೊತ್ತಿತ್ತು. ಒಬ್ಬ ಮನುಷ್ಯ ನನಗೆ ಒಳ್ಳೆಯದಾಗಲೆಂದು ಒಳ್ಳೆಯ ಎಣ್ಣೆ ಕೊಟ್ಟ, ಬೈಸಿಕೊಂಡ, ಆಮೇಲೆ ನನಗಾಗಿ ತನ್ನ ಕೈಯಾರೆ ಎಣ್ಣೆ ಕೆಡಿಸಿದ. ಆವತ್ತು ಬೈದದ್ದಕ್ಕೆ ತಪ್ಪಾಯಿತು ಎಂದು ಹೇಳಬೇಕಿತ್ತು. ದೀಪಾವಳಿಗೆ ದೀಪಾವಳಿ ಮುಂದೆ ಹಾಕಿದೆ. ಆ ಮೂರು ಗೆರೆಗಳು ಕೂತವು, ಇದೊಂದು ಕೂರಲೇ ಇಲ್ಲ.

ಭಾನುವಾರ ಇದೆಲ್ಲ ನೆನೆಯುತ್ತ ನಿಂತಿದ್ದಾಗ ಮಗಳು ಬಂದು, "ಆಯೀ, ಇನ್ನೊಂದು ಪಾಪಡ್ ಕರಿ ನಾ," ಎಂದಳು.

"ಇವತ್ತ ಒಂದ," ಎಂದೆ. ಒಲೆ ಆರಿಸಿದೆ.

ಅವಳು ಮುಖ ಊದಿಸಿಕೊಂಡು ಆ ಹಪ್ಪಳವನ್ನೇ ಮುರಿದು ತಿನ್ನುತ್ತ ಹೋದಳು. ಬಾಣಲೆಯಲ್ಲಿ ಎಣ್ಣೆ ಚಿನ್ನದ ಬಣ್ಣಕ್ಕಿತ್ತು, ಒಡೆದ ಡಬ್ಬದಲ್ಲಿ ಇದ್ದ ಹಾಗೇ. ಆರಿದ ಮೇಲೆ ಅದನ್ನು ಒಂದು ಬಾಟಲಿಗೆ ಸೋಸಿ, ಕಾಗದದ ಚೀಟಿ ಹರಿದು, 'ಕರಿದದ್ದು' ಎಂದು ಬರೆದು ಅಂಟಿಸಿದೆ. ಬಾಟಲಿ ಈಗಲೂ ಕಟ್ಟೆಯ ಮೇಲೇ ಇದೆ. ಯಾರಿಗೆ ಕೊಡಬೇಕೆಂದು ತಿಳಿಯುತ್ತಿಲ್ಲ.